ಮಣ್ಣಿಗೆ ಸೇರಬೇಕಾದದ್ದು

ರಾಯಚೂರಿನಲ್ಲಿ ನಾನಿರುವ ಮನೆಯ ಕೆಳಗಿನ ಭಾಗದಲ್ಲಿ ಈಗ ಒಬ್ಬ ಬಾಣಂತಿ ಇದ್ದಾಳೆ. ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಅವಳಿಗೆ ನೀರು ಹಾಕುತ್ತಾರೆ. ಆಮೇಲೆ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಚೂರು ಲೋಬಾನ ಹಾಕಿ ಹೊಗೆ ಕೊಡುತ್ತಾರೆ. ಹೊಗೆ ಮೆಟ್ಟಿಲೇರಿ ನನ್ನ ಕೋಣೆಗೆ ಬರುತ್ತದೆ. ಮೊದಲ ದಿನ ಕಿಟಕಿ ಮುಚ್ಚಿದೆ. ಮರುದಿನ ಮುಚ್ಚಲು ಎದ್ದವಳು ಹಾಗೆಯೇ ನಿಂತೆ. ಕಿಟಕಿಯ ಪಕ್ಕದ ಕಪಾಟಿನಲ್ಲಿ ಒಂದು ಸಣ್ಣ ಸ್ಟೀಲಿನ ಡಬ್ಬಿ ಇದೆ. ಅದರಲ್ಲಿ ದೇವದುರ್ಗದ ಹತ್ತಿರದ ಜಾಲಹಳ್ಳಿಯ ಒಂದು ಹಿಡಿ ಮಣ್ಣಿದೆ. ಅದು ನನ್ನದಲ್ಲ, ಇಟ್ಟುಕೊಳ್ಳಲು ಕೊಟ್ಟದ್ದು.

ಅದು ನನ್ನ ಕೈಗೆ ಬಂದದ್ದು ನಾನು ಕೆಲಸಕ್ಕೆ ಸೇರಿದ ನಂತರದ ಮೊದಲ ಬೇಸಿಗೆಯಲ್ಲಿ. ಸ್ನಾತಕೋತ್ತರ ಪದವಿ ಮುಗಿಸಿ, ಗರ್ಭಿಣಿಯರ ಮೇಲೆ ಬಿಸಿಲಿನ ಪರಿಣಾಮವನ್ನು ಅಭ್ಯಾಸ ಮಾಡುವ ಒಂದು ಸಂಶೋಧನೆಗೆ ಸೇರಿದ್ದೆ. ಬಿಸಿಲಲ್ಲಿ ಹೊಲದ ಕೆಲಸ ಮಾಡುವ ಬಸುರಿಯರಿಗೆ ಹುಟ್ಟುವ ಮಕ್ಕಳು ಯಾಕೆ ಸಣ್ಣಗಿರುತ್ತವೆ ಎಂಬುದು ಪ್ರಶ್ನೆ. ನಮ್ಮ ಜಿಲ್ಲೆಯಲ್ಲದೆ ಪೂರ್ವ ಆಫ್ರಿಕಾದ ಒಂದು ಊರಿನಲ್ಲೂ ಪೆಸಿಫಿಕ್ ಸಾಗರದ ಒಂದು ದ್ವೀಪದಲ್ಲೂ ಅದೇ ಕೆಲಸ ನಡೆದಿತ್ತು. ಪ್ರಯೋಗಾಲಯ ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿತ್ತು. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಎಲ್ಲ ಕಡೆಯಿಂದ ಅಲ್ಲಿಗೆ ಕಳಿಸಬೇಕಾಗಿತ್ತು. ಹೊಟ್ಟೆಯೊಳಗೆ ಮಗುವಿಗೆ ಅನ್ನ, ಉಸಿರು ಎರಡನ್ನೂ ಕೊಟ್ಟದ್ದು ಅದೇ ಆದ್ದರಿಂದ ಉತ್ತರವೂ ಅದರಲ್ಲೇ ಸಿಗಬಹುದು ಎಂದು ನಂಬಿದ್ದೆವು. ಈಗಲೂ ನಂಬುತ್ತೇನೆ.

ಇಂಥ ಕೆಲಸಕ್ಕೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಂಶೋಧನೆಯಿಂದ ಯಾರಿಗೂ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿ ಅದು. ನಮಗೆ ಒಂದಲ್ಲ, ಪ್ರತಿ ದೇಶದ ಸಮಿತಿಯ ಒಪ್ಪಿಗೆಯೂ ಬೇಕಾಗಿತ್ತು. ಯುರೋಪಿನವರು, ಒಪ್ಪಿಗೆ ಕೇಳುವಾಗ ಹೆಣ್ಣುಮಗಳು ಒಬ್ಬಳೇ ಇರಬೇಕು, ಗಂಡನಾಗಲಿ ಅತ್ತೆಯಾಗಲಿ ತಾಯಿಯಾಗಲಿ ಪಕ್ಕದಲ್ಲಿರಕೂಡದು ಎಂದರು. ಬೆಂಗಳೂರಿನ ಸಮಿತಿಯವರು ಮಾದರಿಗಳನ್ನು ಹೊರದೇಶಕ್ಕೆ ಕಳಿಸುವ ಅನುಮತಿಯ ಬಗ್ಗೆ ಕೇಳಿದರು. ರಾಯಚೂರಿನ ಸಮಿತಿಯ ಅಧ್ಯಕ್ಷರು ನಿವೃತ್ತ ವೈದ್ಯರು. ಅವರ ಪ್ರಶ್ನೆ, ತಪಾಸಣೆಗೆ ಬಂದ ದಿನ ಆ ಹೆಂಗಸಿಗೆ ಕೂಲಿ ತಪ್ಪಿದರೆ ಏನು ಮಾಡುತ್ತೀರಿ ಎಂಬುದಾಗಿತ್ತು. ಪ್ರಶ್ನೆಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಒಂದು ಸಮಿತಿ ಏನು ಕೇಳಿತು ಎಂಬುದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಅರ್ಜಿಯಲ್ಲಿ, ಸ್ಥಳೀಯ ಆಚರಣೆಗಳಿಗೆ ಧಕ್ಕೆಯಾಗುವ ಸಂಭವವಿದೆಯೇ ಎಂದೂ ಒಂದು ಕಡೆ ಇತ್ತು. ಬೆಂಗಳೂರಿನ ನಮ್ಮ ಕಚೇರಿ ಅಲ್ಲಿ ‘ಇಲ್ಲ’ ಎಂದು ಬರೆದಿತ್ತು. ನಾನು ಸೇರುವ ಮೊದಲೇ ಬರೆದದ್ದು ಅದು.

ಈರಮ್ಮ ನನಗೆ ಸಿಕ್ಕಿದ್ದು ಜಾಲಹಳ್ಳಿಯಲ್ಲಿ, ಚಳಿ ಇನ್ನೂ ಪೂರ್ತಿ ಹೋಗಿರದ ದಿನಗಳಲ್ಲಿ. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಅಂಗನವಾಡಿಯ ಒಳಕೋಣೆಯಲ್ಲಿ ಅವಳನ್ನು ಕೂರಿಸಿ ಬಾಗಿಲು ಮುಂದೆ ಮಾಡಿದೆ. ಅವಳ ತಾಯಿ ಅಯ್ಯಮ್ಮನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕೂರಲು ಹೇಳಿದೆ.

“ನನ್ನ ಮಗಳ ಕೂಡ ಮಾತಾಡಾಕ ನಾ ಯಾಕ ಹೊರಗ ಬೇ? ಹೆತ್ತಾಕಿ ಕೇಳಬಾರದಂಥ ಮಾತು ಏನದ?” ಎಂದು ಅಯ್ಯಮ್ಮ ಕೇಳಿದಳು.

“ನಿಯಮ ಅದರೀ ಯವ್ವಾ. ಆಕಿ ಯಾರ ಅಂಜಿಕಿನೂ ಇಲ್ಲದ ಹ್ಞೂಂ ಅನ್ಬೇಕು, ಇಲ್ಲಾ ಉಹ್ಞೂಂ ಅನ್ಬೇಕು.”

“ನನಗ ಅಂಜತಾಳಾಕಿ? ನಾನs ಆಕಿಗೆ ಅಂಜತೀನಿ,” ಎಂದು ನಗುತ್ತ ಹೋಗಿ ಕೂತಳು.

ಒಳಗೆ ಈರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಎಂಟನೆಯ ತರಗತಿಯವರೆಗೆ ಓದಿದವಳು, ತಾನೇ ಒಂದೊಂದು ಸಾಲು ಬೆರಳಿಟ್ಟು ಓದಿದಳು. ಮಾಸು ಎಂದರೆ ಯಾವುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. “ದವಾಖಾನ್ಯಾಗ ಹೆಂಗೂ ಗುಂಡಿಗೆ ಹಾಕ್ತಾರ. ನಿಮಗರ ಉಪಯೋಗಕ್ಕ ಬರ್ಲಿ ತಗೋರಿ ಅಕ್ಕಾರ,” ಎಂದು ಸಹಿ ಮಾಡಿದಳು. ಅದಕ್ಕಿಂತ ಸ್ಪಷ್ಟವಾದ ಒಪ್ಪಿಗೆಯನ್ನು ನಾನು ಆ ವರ್ಷ ನೋಡಲಿಲ್ಲ.

ಹೆರಿಗೆಯಾದದ್ದು ಮೇ ತಿಂಗಳಲ್ಲಿ, ದೇವದುರ್ಗದ ದವಾಖಾನೆಯಲ್ಲಿ. ಆ ವಾರ ರಾಯಚೂರಿನಲ್ಲಿ ಮಧ್ಯಾಹ್ನ ರಸ್ತೆಗೆ ಯಾರೂ ಬರುತ್ತಿರಲಿಲ್ಲ. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಹೆಣ್ಣು ಮಗು, ತೂಕ ಕಡಿಮೆ, ಆದರೆ ಅಳು ಜೋರಾಗಿತ್ತು. ನಮ್ಮ ಯೋಜನೆಯ ನರ್ಸ್ ಫಾತಿಮಾ ಸಿಸ್ಟರ್ ಮಾಸನ್ನು ತೆಗೆದುಕೊಂಡು, ನಿಯಮದ ಪ್ರಕಾರ ಉಗುರಿನಷ್ಟು ಎರಡು ತುಂಡು ಕತ್ತರಿಸಿ ಬೇರೆ ಕೊಳವೆಗಳಿಗೆ ಹಾಕಿ, ಉಳಿದದ್ದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ರಾಯಚೂರಿಗೆ ಕಳಿಸಿದರು. ಆ ಎರಡು ಕೊಳವೆಗಳು ಮರುದಿನವೇ ವಿಮಾನ ಹತ್ತಿದವು. ಉಳಿದದ್ದು ನಮ್ಮ ಕಚೇರಿಯ ಫ್ರೀಜರಿನಲ್ಲಿ ತನ್ನ ಸರದಿಗೆ ಕಾಯುತ್ತಿತ್ತು.

ಕೂಸಿನ ತೂಕ ನೋಡಲು ಜಾಲಹಳ್ಳಿಗೆ ಹೋದಾಗ ಹೆರಿಗೆಯಾಗಿ ನಾಲ್ಕು ದಿನವಾಗಿತ್ತು. ಗಬ್ಬೂರು ದಾಟುವಷ್ಟರಲ್ಲಿ ಬಸ್ಸಿನ ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾದಿತ್ತು. ಅಯ್ಯಮ್ಮನ ಮನೆಯ ಹಿತ್ತಲಲ್ಲಿ ಸ್ನಾನದ ಕಲ್ಲಿನ ಪಕ್ಕ ಒಂದು ಗುಂಡಿ ತೋಡಿತ್ತು. ಅದರ ಅಂಚಿನಲ್ಲಿ ಒಂದು ಹೊಸ ಕುಡಿಕೆ, ಅದರೊಳಗೆ ಉಪ್ಪು, ಬೇವಿನ ಎಲೆ. ಎಲೆಗಳು ಒಣಗಿ ಸುರುಳಿಯಾಗಿದ್ದವು. ನೀರು ಕಾಯಿಸುವ ಹಂಡೆಯ ಕೆಳಗೆ ಬೂದಿಯೇ ಇರಲಿಲ್ಲ.

ಅಯ್ಯಮ್ಮ ಬರ್ರಿ ಅನ್ನಲಿಲ್ಲ. ಗುಂಡಿಯ ಕಡೆ ಕೈ ಮಾಡಿದಳು.

“ನಮ್ಮ ಮನ್ಯಾಗ ಮಾಸು ಮಣ್ಣಿಗೆ ಹೋಗೋ ತನಕ ಬಾಣಂತಿಗೆ ನೀರು ಹಾಕಂಗಿಲ್ಲ. ಅದನ್ನ ಹುಗದು, ಅದರ ಬಾಜೂಕ ಕೂಡಿಸಿ, ಆಕಿ ಮೈಮ್ಯಾಲಿನ ನೀರು ಅದಕ್ಕ ಹರೀಬೇಕು. ದವಾಖಾನ್ಯಾಗ ಕೇಳಿದ್ರ ಕೊಡ್ತಾರ. ನಾ ಕೇಳ್ದೆ. ನಿನ್ನ ಮಗಳು ಬರದು ಕೊಟ್ಟಾಳ ಹೋಗವ್ವಾ ಅಂದ್ರು.”

ಅಯ್ಯಮ್ಮ ಗುಂಡಿಯಿಂದ ನನ್ನ ಕಡೆ ತಿರುಗಿದಳು. “ನನ್ನ ಹಿರಿ ಮಗಳದು ದವಾಖಾನಿ ಗುಂಡಿಗೇ ಹೋತು. ನಾ ಏನರ ಅಂದೆನೇನು? ಅದೂ ಮಣ್ಣs. ನೀವು ಮಣ್ಣಿಗೆ ಹಾಕಿಲ್ಲ. ಎಲ್ಲಿಟ್ಟೀರಿ?”

“ಫ್ರೀಜರಿನ್ಯಾಗ,” ಎಂದೆ.

“ಐಸಿನ್ಯಾಗ.” ಅಯ್ಯಮ್ಮ ಈರಮ್ಮ ಮಲಗಿದ್ದ ಕೋಣೆಯ ಕಡೆ ನೋಡಿದಳು. “ಅಲ್ಲಿ ಅದು ಹೆಪ್ಪುಗಟ್ಟೇದ, ಇಲ್ಲಿ ಈಕಿ ಎದಿ ಹೆಪ್ಪುಗಟ್ಟೇದ. ಕೂಸು ಚೀಪಿ ಚೀಪಿ ಸಾಕಾಗಿ ಮಲಗ್ತದ. ನೀ ಓದಿದಾಕಿ, ಇಲ್ಲ ಅಂತೀ. ನನಗ ಹಂಗ ಕಾಣ್ತದ, ನಾ ಏನ್ ಮಾಡ್ಲಿ?”

ಚೊಚ್ಚಲ ಹೆರಿಗೆಯಲ್ಲಿ ಹಾಲು ಇಳಿಯಲು ಕೆಲವು ದಿನ ಹಿಡಿಯುತ್ತದೆ, ಕೂಸು ಸಣ್ಣದಾದರೆ ಇನ್ನೂ ತಡ. ಅದನ್ನು ಹೇಳಿದೆ. ಫಾತಿಮಾ ಸಿಸ್ಟರನ್ನು ಸಂಜೆಯೇ ಕರೆಸುತ್ತೇನೆಂದೂ ಹೇಳಿದೆ. ಅಯ್ಯಮ್ಮ ತಲೆಯಾಡಿಸಿದಳು. ಆದರೆ ಹಂಡೆಗೆ ಬೆಂಕಿ ಹಾಕಲಿಲ್ಲ.

ನಿಯಮದ ಪ್ರಕಾರ ಅಯ್ಯಮ್ಮನ ಮಾತಿಗೆ ಬೆಲೆಯಿರಲಿಲ್ಲ. ಒಪ್ಪಿಗೆ ಕೊಟ್ಟವಳೇ ಅದನ್ನು ಹಿಂತೆಗೆದುಕೊಳ್ಳಬೇಕು, ಅದೂ ಒಬ್ಬಳೇ ಇದ್ದಾಗ. ಎರಡನೆಯ ಸಲ ಅಯ್ಯಮ್ಮನನ್ನು ಹೊರಗೆ ಕೂರಿಸಿದೆ. ಈ ಸಲ ಅವಳು ಚೇಷ್ಟೆ ಮಾಡಲಿಲ್ಲ.

ಕತ್ತಲ ಕೋಣೆಯಲ್ಲಿ ಈರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂದಲು ಅಂಟಂಟಾಗಿತ್ತು. ಮೈಯಿಂದ ಬೆವರಿನ, ರಕ್ತದ ವಾಸನೆ ಬರುತ್ತಿತ್ತು. ನಿನಗೆ ಅದು ವಾಪಸ್ ಬೇಕೇನು ಎಂದು ಕೇಳಿದೆ.

“ನನಗ ಅದರ ಮ್ಯಾಲ ಅಷ್ಟು ನಂಬಿಕಿ ಇಲ್ಲ ಅಕ್ಕಾರ.”

“ಮತ್ತ?”

“ನಮ್ಮವ್ವ ಉಣವಲ್ಲಳು, ಆಕಿ ಬಿಟ್ಟು ನನಗೂ ಉಣ್ಣಾಕ ಆಗವಲ್ದು. ನಾ ಉಣ್ಣು ಅಂದ್ರ ಗುಂಡಿ ನೋಡ್ತಾಳ. ನನಗ ಆಕಿ ಕೈಲೆ ನೀರು ಬೇಕು. ಬ್ಯಾರೆ ಯಾರ ಕೈಲೂ ಬ್ಯಾಡ. ಹಿಂದಕ ತರ್ರಿ.”

“ಅವ್ವನ ಸಲುವಾಗಿ ಅಂತೀಯೋ, ನಿನಗs ಬೇಕೋ?”

ಈರಮ್ಮ ನನ್ನ ಕಡೆ ತಿರುಗಿದಳು. “ಅವೆರಡೂ ಬ್ಯಾರೆ ಬ್ಯಾರೆ ಅದಾವೇನ್ರಿ?”

ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಬರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ರಾಯಚೂರಿಗೆ ಬಂದೆ.

ಬೆಂಗಳೂರಿನ ಕಚೇರಿಯವರು ಫೋನಿನಲ್ಲಿ ಮೃದುವಾಗಿಯೇ ಮಾತಾಡಿದರು. “ಒಪ್ಪಿಗೆ ಹಿಂದೆ ತಗೊಂಡ್ರೆ ಮಾದರಿನ ನಾಶ ಮಾಡಬೇಕು ಅಂತಿದೆ, ವಾಪಸ್ ಕೊಡಬೇಕು ಅಂತ ಎಲ್ಲೂ ಇಲ್ಲ. ಸುಟ್ಟು ಹಾಕ್ಸಿ, ಮುಗೀತು. ನಾಳೆ ಮೀಟಿಂಗಲ್ಲಿ ಇದನ್ನ ಎತ್ತಬೇಡಿ. ಹೊರದೇಶದವರ ಮುಂದೆ ನಾವು ತುಂಬ ಹಿಂದುಳಿದವರ ಥರ ಕಾಣ್ತೀವಿ.”

ಸುಡುವುದು ಎಂದರೆ ಜಾಲಹಳ್ಳಿಯ ಆ ಮನೆಯಲ್ಲಿ ಏನೆಂದು ಅರ್ಥವಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವರ ಮನೆತನದಲ್ಲಿ ಸತ್ತವರನ್ನೂ ಹೂಳುತ್ತಾರೆ.

ತಿಂಗಳಿಗೊಮ್ಮೆ ಎಲ್ಲ ದೇಶದವರೂ ಕಂಪ್ಯೂಟರಿನ ಪರದೆಯ ಮೇಲೆ ಸೇರುತ್ತಿದ್ದೆವು. ನನಗೆ ಅಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ. ಅಂಕಿ ಕೇಳಿದರೆ ಹೇಳುತ್ತಿದ್ದೆ, ಅಷ್ಟೆ. ಆ ದಿನ ನಮ್ಮಲ್ಲಿ ನಡುಮಧ್ಯಾಹ್ನ. ಕರೆಂಟು ಹೋಗಿ ಫ್ಯಾನು ನಿಂತಿತ್ತು, ಕಂಪ್ಯೂಟರು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಬೇರೆ ವಿಷಯಗಳಿದ್ದರೆ ಹೇಳಿ ಎಂದು ಸಭೆ ನಡೆಸುವವರು ಕೊನೆಗೆ ಕೇಳಿದರು. ನಾನು ಕೈ ಎತ್ತಿದೆ. ಗುಂಡಿಯನ್ನೂ ಕುಡಿಕೆಯನ್ನೂ ನೀರು ಹಾಕದ ಬಾಣಂತಿಯನ್ನೂ ಕುರಿತು ಹೇಳಿದೆ. ಇಂಗ್ಲಿಷಿನಲ್ಲಿ ಹೇಳುವಾಗ ಎಲ್ಲವೂ ಚಿಕ್ಕದಾಗಿ, ಸ್ವಲ್ಪ ನಾಚಿಕೆಗೇಡಾಗಿ ಕೇಳಿಸಿತು. ಬೆಂಗಳೂರಿನ ಕಚೇರಿಯವರ ಮುಖ ಪರದೆಯ ಮೂಲೆಯಲ್ಲಿ ಕೆಳಗೆ ಬಾಗಿತು.

ಆಮೇಲೆ ದ್ವೀಪದ ಕೇಂದ್ರದ ಹಿರಿಯ ಹೆಂಗಸು, ಅಲ್ಲಿ ಆಗಲೇ ಸಂಜೆ, ಕನ್ನಡಕ ತೆಗೆದು ಮಾತಾಡಿದರು. ತಮ್ಮಲ್ಲೂ ಅದನ್ನು ಮನೆತನದ ನೆಲದಲ್ಲೇ ಹೂಳುತ್ತಾರೆ, ಅದು ವಾಪಸ್ ಬೇಕೇ ಎಂದು ತಮ್ಮ ಸಮಿತಿ ಮೊದಲೇ ಕೇಳಿಸುತ್ತದೆ, ಮುಕ್ಕಾಲು ಪಾಲು ಮನೆಗಳಿಗೆ ತಾವು ಕೊಟ್ಟಿದ್ದೇವೆ ಎಂದರು. ಇದು ತಮ್ಮಲ್ಲಿ ಮಾತ್ರ ಇರುವ ಪದ್ಧತಿ, ಹೊರಗಿನವರಿಗೆ ವಿಚಿತ್ರ ಅನಿಸೀತು ಎಂದು ಉಳಿದವರಿಗೆ ಹೇಳಿರಲಿಲ್ಲವಂತೆ. ಆಫ್ರಿಕಾದ ಕೇಂದ್ರದ ಯುವಕ ನಕ್ಕುಬಿಟ್ಟ. ಅವರ ನರ್ಸುಗಳೂ ತುಂಡು ಕತ್ತರಿಸಿಕೊಂಡು ಉಳಿದದ್ದನ್ನು ಅಜ್ಜಿಯರ ಕೈಗೆ ಕೊಡುತ್ತಲೇ ಇದ್ದರು. ಯಾರೂ ಕೇಳಿರಲಿಲ್ಲ, ಅವರೂ ಬರೆದಿರಲಿಲ್ಲ.

ಮೂರು ದೇಶದವರು ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡಿದ್ದೆವು.

ಯುರೋಪಿನ ಸಮಿತಿಯ ಪರವಾಗಿ ಕೂತಿದ್ದ ಹೆಣ್ಣುಮಗಳಿಗೆ ನನ್ನಷ್ಟೇ ವಯಸ್ಸಿರಬೇಕು. ಅವರು ಎರಡು ಪ್ರಶ್ನೆ ಕೇಳಿದರು. ಅದಕ್ಕೆ ರಾಸಾಯನಿಕ ಹಾಕಿದ್ದೀರಾ? ಇಲ್ಲ ಎಂದೆ. ಆ ತಾಯಿಯ ಮೇಲೆ ಯಾರದಾದರೂ ಒತ್ತಡವಿದೆಯೇ? ಈರಮ್ಮ ಕೇಳಿದ ಪ್ರಶ್ನೆಯನ್ನೇ ಓದಿದೆ. ಅವರು ಅದನ್ನು ಬರೆದುಕೊಂಡರು. “ಇದಕ್ಕೆ ನಮ್ಮಲ್ಲಿ ನಿಯಮ ಇಲ್ಲ. ತಪ್ಪು ಎನ್ನುವ ನಿಯಮವೂ ಇಲ್ಲ. ಮಾದರಿ ಇನ್ನೂ ನಿಮ್ಮ ಊರಲ್ಲಿದೆ, ನಿಮ್ಮ ಊರಿನ ಸಮಿತಿ ನಿರ್ಧರಿಸಲಿ,” ಎಂದರು.

ಸಂಜೆ ಅಧ್ಯಕ್ಷರ ಮನೆಗೆ ಹೋದೆ. ನಿವೃತ್ತ ವೈದ್ಯರು ಅಂಗಳಕ್ಕೆ ನೀರು ಹೊಡೆಸಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪೂರ್ತಿ ಕೇಳಿ, “ಇಷ್ಟು ದಿನ ನಮಗ ಯಾಕ ಹೇಳಲಿಲ್ಲಂತ ಕೇಳಬೇಕಂತೀನಿ. ಆದ್ರ ನಾನರ ಕೇಳಿದ್ನೇನು? ನಲವತ್ತು ವರ್ಷ ಹೆರಿಗಿ ಮಾಡಿಸೀನಿ,” ಎಂದರು. ಉಳಿದ ಸದಸ್ಯರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಕೈಗವಸು ತೊಟ್ಟು ಹೂಳಬೇಕು, ಮೊಣಕಾಲು ಆಳ ಇರಬೇಕು, ನಾನು ಎದುರಿಗಿರಬೇಕು. ಷರತ್ತು ಇಷ್ಟೇ.

ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಯೋಜನೆಯ ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಫಾತಿಮಾ ಸಿಸ್ಟರ್ ಜೊತೆಗಿದ್ದರು. ದೇವದುರ್ಗ ದಾಟಿದ ಮೇಲೆ ಸಿಸ್ಟರ್, “ನಮ್ಮಲ್ಲೂ ಹೂಳ್ತೀವ್ರೀ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ,” ಎಂದರು.

ಕೈಗವಸು ನೋಡಿ ಅಯ್ಯಮ್ಮ ಹುಬ್ಬೇರಿಸಿದಳು. “ಇದೇನ ಬೇ, ನನ್ನ ಮೊಮ್ಮಗಳ ಮಾಸು ಮುಟ್ಟಾಕ ನನ್ನ ಕೈಗೆ ಚೀಲ ತೊಡಿಸ್ತಿ?”

“ತೊಡಲಿಲ್ಲಂದ್ರ ನನಗ ಕೇಳ್ತಾರ ಯವ್ವಾ.”

“ನಿನಗ ಬೈತಾರಂದ್ರ ತೊಡ್ತೀನಿ ತಗೋ,” ಎಂದು ತೊಟ್ಟಳು. ಗವಸಿನ ಬೆರಳುಗಳು ಉದ್ದವಾಗಿ ಮುಂದೆ ಜೋತಾಡುತ್ತಿದ್ದವು. ಅರಿಶಿನದ ನೀರಲ್ಲಿ ಅದನ್ನು ತೊಳೆದು, ಕುಡಿಕೆಯ ಮೇಲೆ ಹಿಡಿದು, ಒಂದು ಅಂಚನ್ನು ನೋಡಿದಳು. ಅಲ್ಲಿ ಕತ್ತರಿಸಿದ ಗುರುತು ನೇರವಾಗಿತ್ತು.

“ಪೂರಾ ಅದನ?”

ಫಾತಿಮಾ ಸಿಸ್ಟರ್ ನನ್ನ ಕಡೆ ನೋಡಿದರು. ಹ್ಞೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಂಡೆಯ ಕೆಳಗೆ ಆಗಲೇ ಬೆಂಕಿ ಹೊತ್ತಿತ್ತು.

“ಇಲ್ಲ ಯವ್ವಾ. ಉಗುರಿನಷ್ಟು ಎರಡು ತುಂಡು ಹೊರದೇಶಕ್ಕ ಹೋಗ್ಯಾವ. ಈರಮ್ಮ ಹಿಂದಕ ತರ್ರಿ ಅನ್ನೋದ್ರಾಗ ಹೋಗಿದ್ವು. ತರಸಾಕ ಕೇಳೀನಿ. ಬರ್ತಾವಂತ ಮಾತು ಕೊಡಾಕ ಆಗಂಗಿಲ್ಲ.”

ಅಯ್ಯಮ್ಮ ಆ ಅಂಚಿನ ಮೇಲೆ ಒಮ್ಮೆ ಹೆಬ್ಬೆರಳು ಎಳೆದು, ಅದನ್ನು ಕುಡಿಕೆಯೊಳಗೆ ಇಟ್ಟಳು. ಒಳಗೆ ಕೂಸು ಅಳತೊಡಗಿತು. ಕೊನೆಗೆ ಕುಡಿಕೆಯನ್ನು ಗುಂಡಿಗಿಳಿಸಿ ಮಣ್ಣು ಎಳೆದಳು. ಮುಚ್ಚುವ ಮೊದಲು ಒಂದು ಹಿಡಿ ಮಣ್ಣು ತೆಗೆದು, ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿ ನನ್ನ ಕೈಗಿಟ್ಟಳು.

“ಅವು ಇಲ್ಲಿಗೆ ಬರಾಕ ಆಗಲಿಲ್ಲಂದ್ರ ಇದನ್ನ ಅಲ್ಲಿಗೆ ಕಳಸು. ಅವು ಎಲ್ಲಿರ್ತಾವ ಅಲ್ಲಿ ಬಾಜೂಕ ಇಡ್ರಿ ಅನ್ನು. ಮಣ್ಣು ಸಿಕ್ರ ಆತು.”

ಆಮೇಲೆ ಗೋಡೆ ಹಿಡಿದುಕೊಂಡು ಈರಮ್ಮ ಹೊರಗೆ ಬಂದಳು. ನಾವು ಮುಂಚೆಯೇ ಎದ್ದು ಮುಂಬಾಗಿಲಿಗೆ ಬಂದೆವು. ಹಿತ್ತಲಿನಿಂದ ನೀರು ಬೀಳುವ ಸದ್ದು, “ಕಾದೇತಬೇ ಯವ್ವಾ, ಸುಡ್ತದ!” ಎಂಬ ಈರಮ್ಮನ ದನಿ, “ಸುಡ್ಲಿ, ಕೂಡು!” ಎಂಬ ಅಯ್ಯಮ್ಮನ ಗದರಿಕೆ ಕೇಳಿಸಿದವು. ಆಮೇಲೆ ಹೊಗೆ ಬಂತು. ಅಜವಾನದ್ದು, ಲೋಬಾನದ್ದು.

ಎರಡು ದಿನದ ಮೇಲೆ ಹಾಲು ಇಳಿಯಿತು. ಫಾತಿಮಾ ಸಿಸ್ಟರ್ ದಿನವೂ ಹೋಗಿ ಕೂಸನ್ನು ಎದೆಗೆ ಹಚ್ಚಿಸಿದ್ದರು. ಈರಮ್ಮ ಹೊಟ್ಟೆತುಂಬ ಉಂಡಿದ್ದಳು, ನಿದ್ದೆ ಮಾಡಿದ್ದಳು. ಕಾರಣ ಅದು. ವರದಿಯಲ್ಲಿ ಹಾಗೆಯೇ ಬರೆದೆ. ಅವಳು ಉಂಡದ್ದು ಯಾವಾಗಿನಿಂದ ಎಂಬುದನ್ನೂ ಬರೆದೆ.

ಮಣ್ಣನ್ನು ಕಳಿಸಲು ಹೋದಾಗ ಅದು ಗಡಿ ದಾಟುವುದಿಲ್ಲ ಎಂದು ತಿಳಿಯಿತು. ಮಣ್ಣಿನಲ್ಲಿ ಹುಳ, ರೋಗ ಇರಬಹುದಾದ್ದರಿಂದ ಪ್ರಯೋಗಾಲಯಕ್ಕೆ ಬಿಟ್ಟು ಬೇರೆಲ್ಲಿಗೂ ಒಯ್ಯುವಂತಿಲ್ಲ. ಪ್ರಯೋಗಾಲಯಕ್ಕೆ ಎಂದು ಕಳಿಸಿದರೆ ಅದನ್ನು ಕಾಯಿಸಿ, ಕೊಂದು, ಪರೀಕ್ಷಿಸಿ ಎಸೆಯುತ್ತಾರೆ. ತುಂಡುಗಳು ಹಿಂದಿರುಗಲು ಬೇಕಾದ ಅನುಮತಿ ಇನ್ನೂ ಬಂದಿಲ್ಲ. ಅವು ಅಲ್ಲಿನ ಫ್ರೀಜರಿನಲ್ಲಿವೆ. ಪರೀಕ್ಷೆ ಮಾಡಬಾರದು ಎಂಬ ಕೆಂಪು ಚೀಟಿ ಅಂಟಿಸಿದ್ದೇವೆ ಎಂದು ಆ ಸಮಿತಿಯ ಹೆಣ್ಣುಮಗಳು ಚಿತ್ರ ಕಳಿಸಿದ್ದರು.

ಮಳೆ ಶುರುವಾದ ಮೇಲೆ ನನ್ನನ್ನು ಮಾನ್ವಿಗೆ ಹಾಕಿದರು. ಅಷ್ಟರಲ್ಲಿ ಎಲ್ಲ ಸಮಿತಿಗಳೂ ಒಂದು ಹೊಸ ಪ್ರಶ್ನೆಯನ್ನು ಒಪ್ಪಿದ್ದವು: ಮಾಸು ವಾಪಸ್ ಬೇಕೇ? ಅದನ್ನು ನಾನು ಮೊದಲು ಕೇಳಿದ್ದು ಮಲ್ಲಟದಿಂದ ಬಂದು ಮಾನ್ವಿಯಲ್ಲಿ ಬಾಡಿಗೆಗಿದ್ದ ಒಬ್ಬ ಬಸುರಿಯನ್ನು. ತುಸು ಹೆಮ್ಮೆಯಿಂದಲೇ ಕೇಳಿದೆನೆಂದು ಕಾಣುತ್ತದೆ. ಅವಳು ನಕ್ಕಳು.

“ತಗೊಂಡು ಏನ್ ಮಾಡ್ಲಿ ಅಕ್ಕಾರ? ಎರಡನೇ ಮಾಳಿಗಿ ಮ್ಯಾಲ ಅದೀವಿ. ಕೆಳಗ ಅಂಗಳಕ್ಕ ಮಾಲೀಕ ಫರಸಿ ಕಲ್ಲು ಹಾಕ್ಸ್ಯಾನ. ಅಗಿಯಾಕ ಬಿಡ್ತಾನ?” ಸ್ವಲ್ಪ ತಡೆದು, “ಕೇಳಿದ್ದು ಚಲೋ ಆತು. ಬ್ಯಾಡ ಅಂತ ಬರಕೋರಿ,” ಎಂದಳು.

ಹಾಗೆಯೇ ಬರೆದುಕೊಂಡೆ.

ಕೆಳಗಿನ ಮನೆಯ ಹೊಗೆ ಬಂದ ವಾರದಲ್ಲೇ, ಹೋದ ಭಾನುವಾರ, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಜಾಲಹಳ್ಳಿಗೆ ಹೋಗಿಬಂದೆ. ಈರಮ್ಮ ಮಗಳೊಂದಿಗೆ ತವರಿಗೆ ಬಂದಿದ್ದಳು. ಹುಡುಗಿ ಈಗ ಓಡಾಡುತ್ತಾಳೆ, ನನ್ನನ್ನು ಕಂಡು ಅಜ್ಜಿಯ ಹಿಂದೆ ಅಡಗಿದಳು. ಅಯ್ಯಮ್ಮ ಚಹ ಕೊಟ್ಟಳು, ಕುಡಿಯಲು ಬಿಟ್ಟಳು, ಆಮೇಲೆ ಕೇಳಿದಳು.

“ಮಣ್ಣು ಮುಟ್ಟೇತೇನವ್ವಾ?”

“ಇಲ್ಲ ಯವ್ವಾ. ಮಣ್ಣು ದೇಶ ದಾಟಂಗಿಲ್ಲಂತ ಕಾನೂನು ಅದ. ಮಣ್ಣಾಗ ರೋಗ ಇರ್ತದಂತ.”

“ಮೈಯಾಗಿಂದು ಕಡಕೊಂಡು ಹೋಗಾಕ ನಡೀತದ, ಮಣ್ಣಿಗೆ ಮಾತ್ರ ರೋಗ!” ಅಯ್ಯಮ್ಮ ನಗಲು ನೋಡಿದಳು, ನಗು ಬರಲಿಲ್ಲ.

ಡಬ್ಬಿ ತೆಗೆದು ಮುಂದಿಟ್ಟೆ. ಇಷ್ಟು ದಿನ ಇಟ್ಟುಕೊಂಡದ್ದು ಸಾಕು, ಇದನ್ನು ಅದೇ ಜಾಗಕ್ಕೆ ಸೇರಿಸಿಬಿಡು ಎಂದು ಹೇಳಬೇಕೆಂದೇ ಹೋಗಿದ್ದೆ. ಅಯ್ಯಮ್ಮ ಮುಚ್ಚಳ ತೆಗೆದು, ಬೆರಳಿಂದ ಮಣ್ಣು ಕೆದಕಿ ನೋಡಿದಳು. ಒಣಗಿ ಪುಡಿಯಾಗಿತ್ತು. ಮುಚ್ಚಳ ಮತ್ತೆ ಹಾಕಿ, ಡಬ್ಬಿಯನ್ನು ನನ್ನ ಕಡೆಗೆ ತಳ್ಳಿದಳು.

“ನಿನ್ನ ಹತ್ರನs ಇರ್ಲಿ. ಅವು ಬಂದ ದಿನ ಎರಡೂ ಕೂಡೇ ತಗೊಂಡು ಬಾ.”

ಸಂಶೋಧನೆ ಮುಗಿಯುತ್ತ ಬಂದಿದೆ. ವರ್ಷಕ್ಕೊಮ್ಮೆ ಎಲ್ಲ ಸಮಿತಿಗಳಿಗೂ ವರದಿ ಹೋಗುತ್ತದೆ. ಅದರಲ್ಲಿ ಬಾಕಿ ಉಳಿದ ವಿಷಯಗಳು ಎಂದು ಒಂದು ಕಡೆ ಇದೆ. ಜಾಲಹಳ್ಳಿಯ ಒಬ್ಬ ತಾಯಿಯ ಎರಡು ತುಂಡು ವಾಪಸಾಗಬೇಕಿದೆ ಎಂದು ಪ್ರತಿ ವರ್ಷ ಅಲ್ಲಿ ಬರೆಯುತ್ತೇನೆ. ಇಷ್ಟು ಸಣ್ಣದಕ್ಕಾಗಿ ಇಡೀ ವರದಿಯನ್ನು ತೆರೆದಿಡಬೇಕೇ, ಈ ಸಲ ಆ ಸಾಲು ತೆಗೆಯಬಹುದೇ ಎಂದು ಬೆಂಗಳೂರಿನಿಂದ ನಿನ್ನೆ ಕೇಳಿದ್ದರು.

ತೆಗೆಯುವುದಿಲ್ಲ ಎಂದು ಇವತ್ತು ಬೆಳಿಗ್ಗೆ ಉತ್ತರ ಬರೆದೆ. ಕಿಟಕಿ ತೆರೆದೇ ಇತ್ತು.